ಭಾವನ ಬಿಳಿ ಅಂಗಿಗಳು

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ಬಣ್ಣ ಹೊಂದಿಸುವ ಕೆಲಸ ಮಾಡಿದರು. ಅದೇ ಕಾರ್ಖಾನೆಯ ಆಫೀಸಿನಲ್ಲಿ ನಾನು ಪತ್ರ ಬರೆಯುವವಳು. ಬಿ.ಎ. ಮುಗಿಸಿದವಳಿಗೆ ಇಂಗ್ಲಿಷ್ ಬರುತ್ತದೆ ಎಂದು ಭಾವನೇ ಸೇರಿಸಿದ್ದರು.

ಹೊರದೇಶದ ಗಿರಾಕಿಗಳು ಬೆರಳಗಲದ ಬಟ್ಟೆಯ ಚೂರೊಂದನ್ನು ಲಕೋಟೆಯಲ್ಲಿಟ್ಟು ಕಳಿಸಿ, ಈ ಬಣ್ಣದ ನೂಲು ಬೇಕು ಎನ್ನುತ್ತಿದ್ದರು. ಭಾವ ಆ ಚೂರನ್ನು ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ತಲೆಯನ್ನು ಒಂದಿಷ್ಟು ಓರೆ ಮಾಡಿ ನೋಡಿ, ಕೆಂಪು ಇಷ್ಟು, ಹಳದಿ ಇಷ್ಟು, ನೀಲಿ ಇಷ್ಟು ಎಂದು ಚೀಟಿ ಬರೆಯುತ್ತಿದ್ದರು. ಚೀಟಿ ಪಕ್ಕದ ಮೇಜಿಗೆ ಹೋಗುತ್ತಿತ್ತು. ಅಲ್ಲಿ ಕೂತ ಹೆಂಗಸು ಅದರಲ್ಲಿದ್ದಂತೆ ಬಣ್ಣದ ಪುಡಿ ತೂಗಿ, ಪುಟ್ಟ ಪಾತ್ರೆಯಲ್ಲಿ ಒಂದು ಲಡಿ ನೂಲನ್ನು ಕುದಿಸಿ, ಒಣಗಿಸಿ, ಭಾವನ ಮುಂದಿಡುತ್ತಿದ್ದಳು. ಭಾವ ಸರಿ ಎಂದರೆ ನಾನು ವಿನಯದ ಪತ್ರವೊಂದನ್ನು ಟೈಪ್ ಮಾಡಿ, ಆ ಲಡಿಯ ಅರ್ಧವನ್ನು ಪತ್ರಕ್ಕೆ ಪಿನ್ ಮಾಡಿ ಅಂಚೆಗೆ ಕೊಡುತ್ತಿದ್ದೆ. ಉಳಿದರ್ಧ ಚೀಟಿ ಮತ್ತು ಗಿರಾಕಿಯ ಚೂರಿನ ಜೊತೆಗೆ ಆಲ್ಬಮ್ಮಿಗೆ ಸೇರುತ್ತಿತ್ತು. ಮೂರು ವಾರಕ್ಕೆ ‘ಒಪ್ಪಿಗೆ’ ಎಂಬ ಉತ್ತರ ಬಂದಮೇಲೆ ದೊಡ್ಡ ಹಂಡೆಗಳಿಗೆ ಕೆಲಸ. ಅವಕ್ಕೂ ಪುಡಿ ತೂಗಿ ಕೊಡುತ್ತಿದ್ದವಳು ಆ ಹೆಂಗಸೇ.

ಪುಡಿ ತೂಗುವ ಆ ಹೆಂಗಸಿಗೆ ಚಿಟಿಕೆ ಎಂದು ಹೆಸರಿಟ್ಟವರೂ ಭಾವನೇ. ತಕ್ಕಡಿಯ ಮುಳ್ಳು ಅಲುಗಾಡುವುದು ನಿಲ್ಲುವ ಮೊದಲೇ ಅವಳು ಎರಡು ಬೆರಳಲ್ಲಿ ಇನ್ನಿಷ್ಟು ಪುಡಿ ಹಿಡಿದು ಬಿಡುತ್ತಿದ್ದಳು, ಮುಳ್ಳು ನೆಟ್ಟಗೆ ನಿಲ್ಲುತ್ತಿತ್ತು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಮನೆಯಲ್ಲಿ ನಡೆಯಲಾಗದ ತಾಯಿ, ನರ್ಸಿಂಗ್ ಓದುತ್ತಿದ್ದ ಮಗಳು. ದುಡಿಯುವ ಕೈ ಅವಳದೊಂದೇ. ಆದರೂ ಬೆಳಿಗ್ಗೆ ಬಂದವಳು ಮೊದಲು ಮಾಡುತ್ತಿದ್ದ ಕೆಲಸ ಭಾವನ ಕುರ್ಚಿಯನ್ನು ಬಿಸಿಲು ಬೀಳದ ಕಡೆಗೆ ಸರಿಸಿಡುವುದು. ಯಾರೂ ಹೇಳಿದ್ದಲ್ಲ.

ನಾನು ಹೇಳಹೊರಟದ್ದು ಅಂಗಿಗಳ ವಿಷಯ. ಭಾವ ಕೆಲಸಕ್ಕೆ ಯಾವಾಗಲೂ ಬಿಳಿ ಅಂಗಿಯನ್ನೇ ಹಾಕುತ್ತಿದ್ದರು. ಬಣ್ಣದ ಅಂಗಿ ತೊಟ್ಟರೆ ಅದರ ಛಾಯೆ ನೂಲಿನ ಮೇಲೆ ಬಿದ್ದು ಕಣ್ಣಿಗೆ ಮೋಸವಾಗುತ್ತದೆ ಎನ್ನುವುದು ಅವರ ವಾದ. ಅಂಥವರು ಒಂದು ದಿನ ಅಕ್ಕನಿಗೆ, ಅಂಗಿ ಸರಿಯಾಗಿ ಒಗೆದಿಲ್ಲ, ಹಳದಿ ತಿರುಗಿದೆ ಎಂದರು. ಅಕ್ಕ ಮತ್ತೆ ಒಗೆದಳು. ಮತ್ತೂ ಹಳದಿ ಎಂದರು. ಅಕ್ಕ ಕೊನೆಯ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಎರಡು ತೊಟ್ಟು ಬಿಟ್ಟಳು. ಆಮೇಲೆ ನಾಲ್ಕು ತೊಟ್ಟು. ವರ್ಷ ಕಳೆಯುವ ಹೊತ್ತಿಗೆ ಅರ್ಧ ಚಮಚ. ಇದು ಆಗಲೇ ನೀಲಿ ಆಗಿದೆ ಎಂದು ಅವಳೊಮ್ಮೆ ಹೇಳಿ ನೋಡಿದ್ದಳಂತೆ. ಬಣ್ಣದ ವಿಷಯ ನನಗೆ ಕಲಿಸಬೇಡ ಎಂದು ಭಾವ ಮುಖ ಊದಿಸಿಕೊಂಡರಂತೆ. ಮೂವತ್ತು ವರ್ಷ ಬಣ್ಣದಲ್ಲೇ ಅನ್ನ ತಿಂದ ಗಂಡನ ಹತ್ತಿರ ಬಣ್ಣದ ಬಗ್ಗೆ ವಾದ ಹೂಡುವ ಹೆಂಡತಿ ಎಲ್ಲಿರುತ್ತಾಳೆ? ಅಕ್ಕ ಬಾಯಿ ಮುಚ್ಚಿಕೊಂಡು ಬಾಟಲಿ ಬಗ್ಗಿಸಿದಳು.

ಹೀಗೆ ಭಾವನ ಅಂಗಿಗಳು ಮೊದಲು ನೀರು ಬೆರೆಸಿದ ಹಾಲಿನಂತೆ, ಆಮೇಲೆ ಬೆಳಗಿನ ಆಕಾಶದಂತೆ, ಕೊನೆಗೆ ಶಾಯಿ ಪೆನ್ನು ತೊಳೆದ ನೀರಿನಂತೆ ಆದವು. ಕಾರ್ಖಾನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ವಯಸ್ಸಾದ ಮೇಲೆ ಒಂದು ಶೋಕಿ ಬಂದಿರಬೇಕು ಎಂದುಕೊಂಡು ಸುಮ್ಮನಿದ್ದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಕಣ್ಣೆದುರಿಗೆ ಇದ್ದದ್ದನ್ನು ಓದಲು ನನ್ನ ಬಿ.ಎ. ಸಾಲಲಿಲ್ಲ.

ಅಷ್ಟರಲ್ಲಿ ಲಕೋಟೆಗಳು ಕಡಿಮೆಯಾಗತೊಡಗಿದವು. ಗಿರಾಕಿಗಳು ನಮ್ಮ ನೂಲನ್ನು ಇನ್ನೊಂದು ದೇಶದಲ್ಲಿ ಹೆಣೆಸಿ, ಮತ್ತೊಂದು ದೇಶದಲ್ಲಿ ಹೊಲಿಸಿ, ಹತ್ತು ದೇಶಗಳಲ್ಲಿ ಮಾರುತ್ತಿದ್ದರು. ಮೂರು ವಾರ ಅಂಚೆಗೆ ಕಾಯಲು ಅವರಿಗೆ ಪುರಸೊತ್ತಿರಲಿಲ್ಲ. ಬಟ್ಟೆಯ ಚೂರಿನ ಬದಲು ಮೂರು ಸಂಖ್ಯೆಗಳನ್ನು ಇ-ಮೇಲಿನಲ್ಲಿ ಕಳಿಸತೊಡಗಿದರು. ಆ ಸಂಖ್ಯೆಗಳೇ ಬಣ್ಣ. ಅದನ್ನು ಓದಬಲ್ಲ ಯಂತ್ರ ಇದ್ದವರಿಗೆ ಆರ್ಡರು, ಇಲ್ಲದವರಿಗೆ ಇಲ್ಲ. ನಮ್ಮ ರಸ್ತೆಯಲ್ಲೇ ಇದ್ದ ಇನ್ನೆರಡು ಬಣ್ಣದ ಕಾರ್ಖಾನೆಗಳು ಯಂತ್ರ ತರಿಸದೆ ಬಾಗಿಲು ಹಾಕಿದವು. ನಮ್ಮ ಮ್ಯಾನೇಜರು ತರಿಸಿದರು.

ಯಂತ್ರ ನೋಡಲು ಬ್ರೆಡ್ ಇಡುವ ಡಬ್ಬಿಯಂತಿತ್ತು. ಮುಂದೆ ಒಂದು ದುಂಡು ಕಿಂಡಿ. ನೂಲನ್ನು ಅಲ್ಲಿಗೆ ಒತ್ತಿ ಹಿಡಿದರೆ ಒಳಗೆ ಫಕ್ಕನೆ ಬೆಳಕು ಹೊಳೆದು, ಪಕ್ಕದ ಪರದೆಯಲ್ಲಿ ಸಂಖ್ಯೆ ಮೂಡುತ್ತಿತ್ತು. ಯಾವ ಪುಡಿ ಎಷ್ಟು ಎನ್ನುವುದನ್ನೂ ಅದೇ ಹೇಳುತ್ತಿತ್ತು. ಅದರ ಜೊತೆಗೆ ಹತ್ತು ದಿನದ ಮಟ್ಟಿಗೆ ಒಬ್ಬ ಇಂಜಿನಿಯರ್ ಬಂದ. ಮಾತು ಕಡಿಮೆ. ನೆಲ ಒರೆಸುವವಳು ಒರೆಸಿ ಹೋದ ಜಾಗ ಒಣಗುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದ. ಅವನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಹುಟ್ಟಿದ್ದು ಅಲ್ಲಿಂದಲೇ.

ಭಾವ ಊಟ ಬಿಟ್ಟರು ಎನ್ನಲಾರೆ, ಆದರೆ ತಟ್ಟೆಯಲ್ಲಿ ಕೈ ಆಡಿಸುತ್ತ ಕೂರುತ್ತಿದ್ದರು. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಯಂತ್ರ ಬಂದು ಕೆಲಸ ಹೋಯಿತಲ್ಲ ಎಂಬ ಸಂಕಟ ಇರಬೇಕು ಎಂದುಕೊಂಡೆವು.

ಯಂತ್ರಕ್ಕೆ ನಮ್ಮ ಪುಡಿಗಳ ಗುಣ ಕಲಿಸಬೇಕಿತ್ತು. ಅದಕ್ಕಾಗಿ ಇಂಜಿನಿಯರ್ ಮೂರು ವರ್ಷದ ಆಲ್ಬಮ್‌ಗಳನ್ನು ತರಿಸಿಕೊಂಡ. ಅವನು ಲಡಿಯನ್ನು ಕಿಂಡಿಗೆ ಹಿಡಿಯುವುದು, ನಾನು ಭಾವನ ಕೋಳಿಕಾಲಿನ ಅಕ್ಷರ ಓದಿ ಚೀಟಿಯಲ್ಲಿದ್ದ ತೂಕ ಹೇಳುವುದು. ಮೊದಲ ವರ್ಷದ್ದೆಲ್ಲ ಸರಿಹೋಯಿತು. ಎರಡನೆಯ ವರ್ಷದ ಮೊದಲಿನಿಂದ ಲೆಕ್ಕ ತಪ್ಪತೊಡಗಿತು. ಇಂಜಿನಿಯರ್ ಮೆತ್ತನೆಯ ಬಟ್ಟೆಯಿಂದ ಕಿಂಡಿಯ ಗಾಜು ಒರೆಸಿ ಮತ್ತೆ ನೋಡಿದ. ಯಂತ್ರ ತನ್ನ ಮಾತು ಬದಲಿಸಲಿಲ್ಲ. ಚೀಟಿಯಲ್ಲಿ ಬರೆದ ಹಳದಿಗಿಂತ ನೂಲಿನಲ್ಲಿರುವ ಹಳದಿ ಕಡಿಮೆ. ಮೊದಲು ನೂರಕ್ಕೆ ಆರು, ಆಮೇಲೆ ಹತ್ತು, ಇತ್ತೀಚಿನ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ.

ಅವನು ಕುರ್ಚಿಗೆ ಒರಗಿ ನಿಧಾನವಾಗಿ ಹೇಳಿದ: “ಮೇಡಂ, ಈ ಚೀಟಿ ಬರೆದವರು ಒಬ್ಬರು. ಈ ಬಣ್ಣ ಮಾಡಿದವರು ಇನ್ನೊಬ್ಬರು.”

ನನ್ನ ಕಣ್ಣು ತಕ್ಕಡಿಯ ಕಡೆ ಹೋಯಿತು. ಅದರ ಮೇಲಿನ ಗೋಡೆಯಲ್ಲಿ ಒಂದು ಹಲಗೆ ತೂಗುತ್ತಿತ್ತು. ಹಿಂದೆಂದೋ ಯಾರೋ ಪುಡಿ ಹೆಚ್ಚುಕಡಿಮೆ ಹಾಕಿ ಒಂದು ಹಂಡೆ ನೂಲು ಕೆಟ್ಟಾಗ ಭಾವನೇ ಬರೆದು ನೇತುಹಾಕಿದ್ದು: ‘ಚೀಟಿಯಲ್ಲಿರುವ ತೂಕವನ್ನು ಬದಲಿಸಿದವರಿಗೆ ಮರುದಿನ ಕೆಲಸವಿಲ್ಲ.’ ಆ ಹಲಗೆಯ ಕೆಳಗೆ ಕೂತು ತೂಗುತ್ತಿದ್ದವಳು ಚಿಟಿಕೆ ಒಬ್ಬಳೇ.

ಇಂಜಿನಿಯರ್ ನನ್ನ ಮುಖ ನೋಡಿದ. ಇದೆಲ್ಲ ಮ್ಯಾನೇಜರಿಗೆ ವರದಿಯಾಗಿ ಹೋಗಲೇಬೇಕು ಎಂದ. ಆಮೇಲೆ ಪರದೆಯನ್ನು ಆರಿಸುತ್ತ, ಇವತ್ತು ಕೈಬೆರಳು ನೋಯುತ್ತಿದೆ, ನಾಳೆ ಮಧ್ಯಾಹ್ನದ ಮೇಲೆ ಬರೆಯುತ್ತೇನೆ ಎಂದ. ಬೆರಳಿಗೆ ಏನೂ ಆಗಿರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ನಾನು ನೇರವಾಗಿ ಹಿಂದಿನ ನಲ್ಲಿಗಳ ಹತ್ತಿರ ಹೋದೆ. ಚಿಟಿಕೆ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜುತ್ತಿದ್ದಳು. ಯಂತ್ರ ಹೇಳಿದ್ದನ್ನು ಹೇಳಿದೆ. ಅವಳು ನಲ್ಲಿ ನಿಲ್ಲಿಸಿದಳು.

“ಹೌದಮ್ಮ. ನಾನೇ.”

ಯಾವಾಗಿನಿಂದ ಎಂದು ಕೇಳಿದೆ. ಒಂದು ಸಲ ತಿಳಿ ಬೂದುಬಣ್ಣವೊಂದು ಬಂದಿತ್ತಂತೆ. ಚೀಟಿಯಲ್ಲಿದ್ದಂತೆ ತೂಗಿ ಕುದಿಸಿದರೆ ನೂಲು ಹಳದಿ ಹೊಡೆಯಿತು. ಮೇಷ್ಟ್ರು, ಭಾವನನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ, ನೋಡಿ ಭೇಷ್, ಸರಿಯಾಗಿದೆ ಎಂದರು. ಇವಳು ಬಟ್ಟೆಯ ಚೂರನ್ನೂ ನೂಲನ್ನೂ ಪಕ್ಕಪಕ್ಕ ಇಟ್ಟು ನೋಡಿದಳು, ಸರಿ ಇರಲಿಲ್ಲ. ಮೇಷ್ಟ್ರು ಊಟಕ್ಕೆ ಹೋದಾಗ ಹಳದಿ ಕಡಿಮೆ ಮಾಡಿ ಇನ್ನೊಂದು ಲಡಿ ಕುದಿಸಿ ಇಟ್ಟಳು. ಅವರು ಬಂದು ಅದನ್ನೂ ನೋಡಿ, ಆಗಲೇ ಹೇಳಿದೆನಲ್ಲ, ಸರಿಯಾಗಿದೆ ಎಂದರು. ಎರಡಕ್ಕೂ ವ್ಯತ್ಯಾಸವೇ ಅವರಿಗೆ ಕಾಣಲಿಲ್ಲ. ಅಂದಿನಿಂದ ಚಿಟಿಕೆ ಚೀಟಿಯನ್ನು ಒಂದು ರೀತಿ ಓದಿ, ಇನ್ನೊಂದು ರೀತಿ ತೂಗುತ್ತಿದ್ದಳು.

“ಅದು ಸರಿ, ಎಷ್ಟು ಕಮ್ಮಿ ಮಾಡ್ಬೇಕು ಅಂತ ಹೇಗೆ ಗೊತ್ತಾಗ್ತಿತ್ತು?”

ಅವಳು ಕೈ ಒರೆಸಿಕೊಳ್ಳುತ್ತ ನೆಲ ನೋಡಿದಳು. “ಅವರ ಅಂಗಿ ನೋಡಿ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮೇಷ್ಟ್ರಿಗೆ ಬಿಳಿ ಅಂದರೆ ಪ್ರಾಣ. ಅಂಥವರು ಅಷ್ಟು ನೀಲಿ ಅಂಗಿಯನ್ನು ಬಿಳಿ ಎಂದು ತೊಟ್ಟು ಬರುತ್ತಾರೆ ಎಂದರೆ, ಅವರ ಕಣ್ಣು ಅಷ್ಟು ಹಳದಿಯನ್ನು ತಾನಾಗಿ ಸೇರಿಸುತ್ತಿದೆ ಎಂದೇ ಲೆಕ್ಕ. ಸೋಮವಾರ ಬೆಳಿಗ್ಗೆ ಅವರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಂತೆ ಅಂಗಿಯನ್ನೊಮ್ಮೆ ನೋಡುತ್ತಿದ್ದಳು. ಕಳೆದ ತಿಂಗಳಿಗಿಂತ ಒಂದು ಗೆರೆ ಹೆಚ್ಚು ನೀಲಿಯಾಗಿದ್ದರೆ, ಆ ವಾರದಿಂದ ಒಂದು ಗೆರೆ ಕಡಿಮೆ ಹಳದಿ. ಗಿರಾಕಿಗಳಿಂದ ಒಂದೂ ತಕರಾರು ಬರಲಿಲ್ಲ.

ಅಕ್ಕ ಬಚ್ಚಲಲ್ಲಿ ಬಾಟಲಿ ಬಗ್ಗಿಸಿದ್ದು ಇಷ್ಟು ದೂರ ಬಂದು ಮುಟ್ಟಿತ್ತು. ನಗು ಬಂತು, ಆದರೆ ನಗುವ ಸಮಯ ಅಲ್ಲ. ಯಾರಿಗಾದರೂ ಒಂದು ಮಾತು ಹೇಳಬಾರದಿತ್ತೇ ಎಂದೆ.

“ಹೇಗಮ್ಮ ಹೇಳ್ಲಿ? ನಂಗೆ ಬಣ್ಣ ನೋಡೋದು ಕಲ್ಸಿದ್ದೇ ಅವರು. ಇನ್ನು ಹನ್ನೊಂದು ತಿಂಗಳು, ಹೇಗೋ ದಾಟಿಸ್ಬಿಡೋಣ ಅಂತಿದ್ದೆ. ಈ ಡಬ್ಬಿ ಬರತ್ತೆ ಅಂತ ಯಾರಿಗೆ ಗೊತ್ತಿತ್ತು?” ಎಂದಳು. ಸೋಪಿನ ತುಂಡನ್ನು ಜಾಗಕ್ಕಿಟ್ಟು, “ನನ್ನ ಕೆಲಸ ಹೋಗೋದು ಹೋಗ್ಲಿ, ಮೇಷ್ಟ್ರಿಗೆ ಮಾತ್ರ ಹೇಳ್ಬೇಡಿ” ಎಂದಳು. ಕೆಲಸ ಹೋದರೆ ಅವಳ ತಾಯಿಯ ಔಷಧಿ, ಮಗಳ ಕೊನೆಯ ವರ್ಷದ ಓದು, ಎರಡೂ ನಿಲ್ಲುತ್ತವೆ ಎನ್ನುವುದು ನನಗೆ ಗೊತ್ತಿತ್ತು.

ಸಂಜೆ ಅಕ್ಕನ ಮನೆಗೆ ಹೋದೆ. ಅಕ್ಕನಿಗೆ ಮಾತ್ರ ಹೇಳಿ, ಏನು ಮಾಡುವುದೆಂದು ಕೇಳಿಕೊಂಡು ಬರುವ ಯೋಚನೆ. ಆದರೆ ಭಾವ ಹಜಾರದ ಕಿಟಕಿಯ ಬಳಿಯೇ ಕೂತಿದ್ದರು. ನನ್ನ ಕಾಲಸಪ್ಪಳದಿಂದಲೇ ಏನೋ ಇದೆ ಎಂದು ಹಿಡಿದುಬಿಟ್ಟರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಯಂತ್ರ ಹೇಳಿದ್ದು, ಚಿಟಿಕೆ ಮಾಡಿದ್ದು, ಎಲ್ಲವನ್ನೂ ಹೇಳಿದೆ. ಅಂಗಿಯ ವಿಷಯ ಮಾತ್ರ ಬಿಟ್ಟೆ.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಎರಡು ವರ್ಷದಿಂದ ನಾನು ಊಹೆ ಮೇಲೆ ಬರೀತಿದ್ದೆ ಕಣೆ,” ಎಂದರು. “ಲಕೋಟೆ ಬಂತು ಅಂದ್ರೆ ಒಡೆಯೋಕೇ ಹೆದರ್ತಿದ್ದೆ. ಪ್ರತಿ ಸಲ ಒಪ್ಪಿಗೆ ಬರ್ತಿತ್ತಲ್ಲ, ಕಣ್ಣಿಗೆ ಕಾಣ್ದಿದ್ರೂ ಕೈಗೆ ಗೊತ್ತಿದೆ ಅಂದ್ಕೊಂಡಿದ್ದೆ. ಕೈ ಅವಳ್ದು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಭಾವ ತಮ್ಮ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು, ತಲೆಯನ್ನು ಹಳೆಯ ರೂಢಿಯಂತೆ ಓರೆ ಮಾಡಿ ನೋಡಿದರು.

“ಈ ಅಂಗಿ ಯಾವ ಬಣ್ಣ?”

ಅಕ್ಕ ನನ್ನ ಮುಖ ನೋಡಿದಳು. “ನೀಲಿ,” ಎಂದಳು.

“ಎಷ್ಟು ನೀಲಿ?”

“ಶಾಲೆ ಮಕ್ಕಳ ಯೂನಿಫಾರ್ಮ್ ಇರತ್ತಲ್ಲ, ಅಷ್ಟು.”

ಭಾವನ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದು ಅಕ್ಕ ಓಡಿ ಬಂದಳು. ಅವರು ನಗುತ್ತಿದ್ದರು. ಎರಡು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಗ ನಾನು ಅಂಗಿಯ ಲೆಕ್ಕವನ್ನೂ ಹೇಳಿದೆ. ನಗು ನಿಂತುಹೋಯಿತು. ಅವರು ಕಣ್ಣೊರೆಸಿಕೊಂಡು, ಆ ಹುಡುಗಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಎಂದು ತಮ್ಮಷ್ಟಕ್ಕೇ ಅಂದರು. ಚಿಟಿಕೆಗೆ ಆಗ ನಲವತ್ತೈದು ತುಂಬಿತ್ತು.

ಮಾರನೆಯ ದಿನ ಬೆಳಿಗ್ಗೆ ಭಾವ ಕಾರ್ಖಾನೆಗೆ ಬಂದವರೇ ಸ್ಟೂಲು ಹತ್ತಿ ಗೋಡೆಯ ಹಲಗೆ ಇಳಿಸಿದರು. ಚಿಟಿಕೆಯನ್ನೂ ಇಂಜಿನಿಯರನ್ನೂ ನನ್ನನ್ನೂ ಹಿಂದಿಟ್ಟುಕೊಂಡು ಮ್ಯಾನೇಜರ ಕೋಣೆಗೆ ಹೋಗಿ, ಹಲಗೆಯನ್ನು ಅವರ ಮೇಜಿನ ಮೇಲಿಟ್ಟರು. ಮ್ಯಾನೇಜರು ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸುವ ಅಭ್ಯಾಸದವರು. ಹಲಗೆ ಬಂದು ಕೂತಿದ್ದರಿಂದ ಅವು ಚೆಲ್ಲಾಪಿಲ್ಲಿಯಾದವು.

ಭಾವ ನಿಂತೇ ಮಾತಾಡಿದರು. “ಈ ನಿಯಮ ಬರ್ದವನು ನಾನು. ನನ್ನ ಕಣ್ಣಿಗೆ ಪೊರೆ ಬಂದಿದೆ, ಎರಡು ವರ್ಷದಿಂದ ನನಗೆ ಹಳದಿ ಎಷ್ಟು ಅಂತ ಗೊತ್ತಾಗ್ತಿಲ್ಲ, ಯಾರಿಗೂ ಹೇಳ್ಲಿಲ್ಲ. ನಾನು ಬರ್ದ ಚೀಟಿ ಪ್ರಕಾರ ಇವಳು ತೂಗಿದ್ರೆ ಇಷ್ಟು ಹೊತ್ತಿಗೆ ನಮ್ಮದೂ ಬಾಗಿಲು ಹಾಕಿರ್ತಿತ್ತು. ಯಾರನ್ನಾದ್ರೂ ಕಳಿಸ್ಬೇಕು ಅಂದ್ರೆ ನನ್ನನ್ನು ಕಳಿಸಿ.”

ಮ್ಯಾನೇಜರು ಇಂಜಿನಿಯರ್ ಕಡೆ ತಿರುಗಿದರು. ಅವನು ತನ್ನ ಕಾಗದ ನೋಡಿ, ಈಕೆ ತೂಕ ಬದಲಿಸಿದ ಚೀಟಿಗಳು ನಾನೂರ ಹನ್ನೆರಡು, ಗಿರಾಕಿಯ ಚೂರಿಗೆ ಹೋಲಿಸಿದರೆ ಅವುಗಳಲ್ಲಿ ಯಂತ್ರ ತಪ್ಪು ಎನ್ನುವುದು ಮೂರನ್ನು ಮಾತ್ರ ಎಂದ. ಆಮೇಲೆ, ಯಾರೂ ಕೇಳದೆಯೇ, ಈ ಯಂತ್ರದ ಮುಂದೆ ಕೂರಲು ಡಿಪ್ಲೊಮಾ ಮಾಡಿದವರನ್ನು ಹುಡುಕುತ್ತಿದ್ದೀರಂತೆ, ಅವರಿಗೆ ನಾನು ಗುಂಡಿಗಳನ್ನು ಕಲಿಸಬಲ್ಲೆ, ಬಣ್ಣ ಕಲಿಸಲಾರೆ. ಈಕೆಗೆ ಗುಂಡಿಗಳನ್ನಷ್ಟೇ ಕಲಿಸಿದರೆ ಸಾಕು ಎಂದ. ಅವನು ಅಷ್ಟು ದಿನದಲ್ಲಿ ಆಡಿದ ಅತಿ ಉದ್ದದ ಮಾತು ಅದೇ.

ಚಿಟಿಕೆ ಏಪ್ರನ್ನಿನ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿತ್ತು. ಮ್ಯಾನೇಜರು ಪೆನ್ನುಗಳನ್ನು ಒಂದೊಂದಾಗಿ ಮತ್ತೆ ಜೋಡಿಸಿದರು. ಕೊನೆಯ ಪೆನ್ನು ಇಟ್ಟು ಭಾವನ ಅಂಗಿಯನ್ನು ನೋಡಿದರು.

“ಅದು ನಿಮಗೆ ಇಷ್ಟದ ಬಣ್ಣ ಅಂದ್ಕೊಂಡಿದ್ದೆ,” ಎಂದರು.

ಆಮೇಲೆ ನನ್ನ ಕಡೆ ತಿರುಗಿ ಎರಡು ಪತ್ರ ಟೈಪ್ ಮಾಡಲು ಹೇಳಿದರು. ಒಂದು, ನಿಯಮ ಮುರಿದದ್ದಕ್ಕೆ ಚಿಟಿಕೆಗೆ ಎಚ್ಚರಿಕೆ, ಅದು ಫೈಲಿನಲ್ಲಿರಲೇಬೇಕು. ಇನ್ನೊಂದು, ಬರುವ ತಿಂಗಳಿನಿಂದ ಬಣ್ಣದ ಯಂತ್ರ ನಡೆಸುವ ಕೆಲಸಕ್ಕೆ ಅವಳ ನೇಮಕ. ಚಿಟಿಕೆ ನಿಂತಲ್ಲೇ ಗೋಡೆ ಹಿಡಿದುಕೊಂಡಳು. ಕುರ್ಚಿ ಎಳೆದು ಅವಳನ್ನು ಕೂರಿಸಿದ್ದು ಇಂಜಿನಿಯರ್. ಹೊರಗೆ ಬಂದಮೇಲೆ ಅವಳು ಭಾವನಿಗೆ ಏನೋ ಹೇಳಹೋದಳು. ಭಾವ, ಮೊದಲು ಹೋಗಿ ಕೈ ತೊಳ್ಕೊ, ಗಾಜು ಮುಟ್ಟುವ ಕೆಲಸ ಇನ್ನು, ಎಂದು ಗದರಿಸುವವರಂತೆ ಹೇಳಿ ಬೇರೆ ಕಡೆ ನೋಡಿದರು.

ಎಲ್ಲರಿಗೂ ಹೀಗೆ ಸುಖಾಂತವಾಯಿತು ಎನ್ನಲಾರೆ. ಬಣ್ಣ ಹೊಂದಿಸುವ ನಮ್ಮ ಮಾದರಿ ಕೋಣೆಯಲ್ಲಿ ಆರು ಜನ ಮಾಡುತ್ತಿದ್ದದ್ದನ್ನು ಆಮೇಲೆ ಇಬ್ಬರು ಮಾಡಿದರು. ಲಡಿ ಸುತ್ತುತ್ತಿದ್ದ ಇಬ್ಬರು ಹೆಂಗಸರು ದೊಡ್ಡ ಶೆಡ್ಡಿಗೆ ಹೋದರು. ಅಲ್ಲಿಯ ಸದ್ದು ತಾಳಲಾರದೆ ಒಬ್ಬಳು ಬಿಟ್ಟಳು, ಹೊಲಿಗೆ ಕೆಲಸ ಹಿಡಿದಳು. ಪಾರ್ಸೆಲ್ ಕಟ್ಟುತ್ತಿದ್ದವನು ಗೇಟಿನಲ್ಲಿ ಲಾರಿಗಳ ಲೆಕ್ಕ ಬರೆಯತೊಡಗಿದ. ಅವನ ಗಂಟು ಹಾಕುವ ಚಂದ ಯಾರಿಗೂ ಬೇಡವಾಯಿತು. ನನ್ನ ಪತ್ರಗಳಿಗೂ ಅದೇ ಗತಿ. ಆ ಎರಡು ಪತ್ರಗಳೇ ನಾನು ಅಲ್ಲಿ ಟೈಪ್ ಮಾಡಿದ ಕೊನೆಯ ಕಾಗದಗಳಿರಬೇಕು. ಆದರೆ ಪರದೆಯ ಇಂಗ್ಲಿಷ್ ಚಿಟಿಕೆಗೆ ಬಾರದು. ಹೀಗಾಗಿ ನಾನು ಎರಡು ತಿಂಗಳು ಅವಳ ಪಕ್ಕ ಕೂತು ಪ್ರತಿ ಗುಂಡಿಯ ಅರ್ಥವನ್ನು ನಮ್ಮ ಅಕ್ಷರದಲ್ಲಿ ಬರೆದು ಅಂಟಿಸಿದೆ. ಆಮೇಲೆ ಗಿರಾಕಿಗಳ ಇ-ಮೇಲ್ ನೋಡಿಕೊಳ್ಳಲು ನಾನೂ ಉಳಿದೆ, ವಾರಕ್ಕೆ ಮೂರು ದಿನ. ಉಳಿದ ದಿನಗಳಲ್ಲಿ ಓದಿಕೊಂಡಿದ್ದೆ. ನನಗೆ ಅಷ್ಟೇ ಸಾಕಿತ್ತು.

ಭಾವನ ಕಣ್ಣಿನ ಆಪರೇಷನ್ ಆದದ್ದು ಅದೇ ತಿಂಗಳು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವರು ನೇರವಾಗಿ ಬೀರು ತೆರೆದರು. ಒಂಬತ್ತು ಅಂಗಿಗಳು ಸಾಲಾಗಿ ತೂಗುತ್ತಿದ್ದವು. ತೊಡುವುದು ಬಿಟ್ಟ ಹಳೆಯದರಿಂದ ಈಗ ತೊಡುವ ಹೊಸದರವರೆಗೆ, ತಿಳಿಯಿಂದ ಗಾಢದವರೆಗೆ, ಅವರ ಕಾಯಿಲೆಯೇ ಅಲ್ಲಿ ನೇತಾಡುತ್ತಿದ್ದಂತೆ. ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿದರು. ಇಷ್ಟು ದಿನ ನನ್ನನ್ನು ಹೀಗೆ ಊರೆಲ್ಲ ಓಡಾಡಿಸಿದೆಯಾ ಎಂದರು. ನೀವು ಕೇಳಿದಷ್ಟೇ ಹಾಕಿದೆ ಎಂದಳು ಅಕ್ಕ.

ಉಳಿದ ತಿಂಗಳುಗಳನ್ನು ಭಾವ ಮಾದರಿ ಕೋಣೆಯಲ್ಲಿ ಅತಿಥಿಯಂತೆ ಕಳೆದರು. ಯಂತ್ರ ಚೀಟಿ ಬರೆಯುವುದನ್ನು ನೋಡುತ್ತ ಚಹಾ ಕುಡಿಯುವುದು, ಆಗಾಗ ಹೌದು ಎನ್ನುವುದು. ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕೊನೆಯ ದಿನ ಎಲ್ಲಕ್ಕಿಂತ ನೀಲಿಯಾದ ಅಂಗಿಯನ್ನು ಬೇಕೆಂದೇ ತೊಟ್ಟು ಬಂದು, ಚಿಟಿಕೆಯ ಮುಂದೆ ತೋಳು ಚಾಚಿದರು. ಅವಳು ಆ ತೋಳಿನ ತುದಿಯನ್ನು ಕಿಂಡಿಗೆ ಒತ್ತಿ ಹಿಡಿದಳು. ಬೆಳಕು ಹೊಳೆಯಿತು, ಸಂಖ್ಯೆ ಮೂಡಿತು. ಬಣ್ಣವನ್ನು ಉಳಿಸಿಡಲು ಯಂತ್ರ ಒಂದು ಹೆಸರು ಕೇಳಿತು. ಚಿಟಿಕೆ ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ ಬರೆದಳು: ಮೇಷ್ಟ್ರ ಬಿಳಿ.

ಅದು ಹಾಗೇ ಗಿರಾಕಿಗಳಿಗೆ ಹೋಗುವ ಬಣ್ಣಗಳ ಕ್ಯಾಟಲಾಗಿಗೆ ಸೇರಿಹೋಗಿದೆ ಎಂದು ನಮಗೆ ತಿಳಿದದ್ದು ಮುಂದಿನ ಚಳಿಗಾಲದಲ್ಲಿ. ನಾವ್ಯಾರೂ ನೋಡದ ಯಾವುದೋ ದೇಶದಿಂದ ಆರುನೂರು ಕಿಲೋ ನೂಲಿಗೆ ಇ-ಮೇಲ್ ಬಂತು. ಹೆಸರಿನ ಅರ್ಥವೇನು ಎಂದೂ ಕೇಳಿದ್ದರು. ನಾನು ಅದನ್ನು ಅನುವಾದಿಸಿ ಕಳಿಸಿದೆ. ನೀಲಿಗೆ ಬಿಳಿ ಎಂದೇಕೆ ಹೆಸರಿಟ್ಟಿರಿ ಎಂದು ಅವರು ಮತ್ತೆ ಕೇಳಲಿಲ್ಲ.

ಸುದ್ದಿ ಹೇಳಲು ಹೋದಾಗ ಭಾವ ಅಂಗಳದಲ್ಲಿ ಪೇಪರ್ ಓದುತ್ತಿದ್ದರು, ಕನ್ನಡಕವಿಲ್ಲದೆ. ಅಕ್ಕ ಬಟ್ಟೆ ಹರವುತ್ತಿದ್ದಳು. ಕೇಳಿ ಅವಳು ಮೂಗು ಮುರಿದಳು. ಅದು ಮೇಷ್ಟ್ರದ್ದೂ ಅಲ್ಲ, ಯಂತ್ರದ್ದೂ ಅಲ್ಲ, ತಾನು ಮಾಡಿದ ಬಣ್ಣ ಎಂದಳು. ಹಾಗಾದರೆ ಚೀಟಿ ಕೊಡು, ಎಷ್ಟು ನೀರಿಗೆ ಎಷ್ಟು ನೀಲಿ ಎಂದು ಭಾವ ಕೇಳಿದರು. ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಸ್ವಲ್ಪ ಯೋಚಿಸಿ, ಒಂದು ದಿನವೂ ಅಳೆದು ಹಾಕಿದ್ದಿಲ್ಲ ಎಂದಳು.